ತಪ್ಪು ಯಾರದು ಅಂತ ಕೋರ್ಟು ಯಾಕೆ ಕೇಳುತ್ತೆ?

ಡೈವೋರ್ಸ್ ಬೇಕು ಅಂತ ಬೆಂಗಳೂರಿನ ಯಾವ ವಕೀಲರ ಬಳಿ ಹೋದರೂ ಮೊದಲು ಬರುವ ಪ್ರಶ್ನೆ, ‘ಅವರು ಒಪ್ತಾರಾ?’ ಒಪ್ಪಿದರೆ ಅದು ‘ಮ್ಯೂಚುಯಲ್’. ಒಪ್ಪದಿದ್ದರೆ, ‘ಯಾವ ಗ್ರೌಂಡ್ ಮೇಲೆ ಹಾಕೋಣ?’, ಅಂದರೆ ಯಾವ ಕಾರಣ ತೋರಿಸೋಣ ಅಂತ. ಇಲ್ಲೇ ಹೆಚ್ಚಿನವರು ತಡವರಿಸುತ್ತಾರೆ. ‘ಹೊಂದಾಣಿಕೆ ಇಲ್ಲ ಸಾರ್, ಮಾತು ಬಿಟ್ಟೇ ವರ್ಷ ಆಯ್ತು’ ಅಂದರೆ ಮನೆಯವರಿಗೆ ಅರ್ಥವಾಗಬಹುದು. 1955ರ ಹಿಂದೂ ವಿವಾಹ ಕಾಯ್ದೆಗೆ ಅದು ಸಾಲದು. ಯಾರು, ಯಾವಾಗ, ಏನು ತಪ್ಪು ಮಾಡಿದರು ಅಂತ ಅದು ಕೇಳುತ್ತೆ.

ಅದಕ್ಕೂ ಮುಂಚೆ ಪರಿಸ್ಥಿತಿ ಇನ್ನೂ ಬಿಗಿಯಾಗಿತ್ತು. ಶಾಸ್ತ್ರದ ಪ್ರಕಾರ ಮದುವೆ ಅಂದರೆ ಮುಗಿಯಿತು, ಬಿಡಿಸಿಕೊಳ್ಳುವ ದಾರಿಯೇ ಇರಲಿಲ್ಲ. ಹಾಗಂತ ಎಲ್ಲ ಜಾತಿಗಳೂ ಶಾಸ್ತ್ರದಂತೆ ನಡೆಯುತ್ತಿರಲಿಲ್ಲ ಅನ್ನಿ. ಎಷ್ಟೋ ಸಮುದಾಯಗಳಲ್ಲಿ ಕುಲದ ಪಂಚಾಯ್ತಿ ಕೂತು, ಎರಡೂ ಕಡೆಯವರನ್ನು ಕೇಳಿ, ಸೋಡಚೀಟಿ (ಬಿಡುಗಡೆಯ ಪತ್ರ) ಕೊಡಿಸಿ ಬೇರೆ ಮಾಡುತ್ತಿತ್ತು. ಆ ಹೆಣ್ಣುಮಗಳು ಉಡಿಕೆಯಾಗಿ, ಅಂದರೆ ಮರುಮದುವೆಯಾಗಿ, ಇನ್ನೊಂದು ಸಂಸಾರ ಕಟ್ಟಿಕೊಳ್ಳಬಹುದಿತ್ತು. 1955ರ ಕಾಯ್ದೆಯೂ 29ನೇ ಸೆಕ್ಷನ್‌ನಲ್ಲಿ ಈ ರೂಢಿಯ ಬಿಡುಗಡೆಯನ್ನು ಉಳಿಸಿದೆ. ಆದರೆ ತಮ್ಮ ಸಮುದಾಯದಲ್ಲಿ ಅಂಥ ರೂಢಿ ನಿಜವಾಗಿಯೂ ಇದೆ ಅಂತ ಸಾಬೀತು ಮಾಡಬೇಕು. ಇದನ್ನು ತಿಳಿಯದೆ ಛಾಪಾ ಕಾಗದದ ಮೇಲೆ ಇಬ್ಬರೂ ಸಹಿ ಹಾಕಿ, ನೋಟರಿ ಸೀಲು ಒತ್ತಿಸಿ, ‘ನಮ್ಮದು ಡೈವೋರ್ಸ್ ಆಗಿದೆ’ ಅಂದುಕೊಂಡವರು ಇವತ್ತಿಗೂ ಇದ್ದಾರೆ. ಆಗಿರೋದಿಲ್ಲ. ಎರಡನೇ ಮದುವೆಯ ಹೊತ್ತಿಗೆ ಅದು ಗೊತ್ತಾಗುತ್ತೆ.

ಹಳೆಯ ಮೈಸೂರು ಸಂಸ್ಥಾನ ಹೆಣ್ಣುಮಕ್ಕಳ ಹಕ್ಕಿನ ವಿಷಯದಲ್ಲಿ ಮುಂದಿತ್ತು ಅನ್ನುತ್ತಾರೆ. ಸುಳ್ಳಲ್ಲ. 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳಿಗೆ ಇಲ್ಲಿ ಕಾನೂನು ಬಂತು. ಕೆಲವು ಸಂದರ್ಭಗಳಲ್ಲಿ ಹೆಂಡತಿ ಬೇರೆ ಮನೆಯಲ್ಲಿದ್ದು ಗಂಡನಿಂದ ಜೀವನಾಂಶ ಕೇಳಬಹುದಿತ್ತು. ಆದರೆ ಮದುವೆ ಮಾತ್ರ ಹಾಗೇ ಉಳಿಯುತ್ತಿತ್ತು. ಅತ್ತ ಬಾಂಬೆ ಪ್ರಾಂತ್ಯ 1947ರಲ್ಲಿ, ಮದ್ರಾಸು 1949ರಲ್ಲಿ ಹಿಂದೂಗಳಿಗೆ ವಿಚ್ಛೇದನದ ಕಾನೂನು ಮಾಡಿದವು. ಹಾಗಾಗಿ ಕೆಲವು ವರ್ಷ ಧಾರವಾಡದವರು ಕೋರ್ಟಿನಲ್ಲಿ ಕೇಳಬಹುದಾಗಿದ್ದನ್ನು ಬೆಂಗಳೂರಿನವರು ಕೇಳುವಂತಿರಲಿಲ್ಲ.

ಹಿಂದೂ ಕಾನೂನನ್ನು ಪರಿಶೀಲಿಸಲು 1941ರಲ್ಲಿ ಸಮಿತಿ ಮಾಡಿದಾಗ ಅದರ ಅಧ್ಯಕ್ಷರಾಗಿದ್ದವರು ನಮ್ಮ ಮಂಗಳೂರಿನ ಬೆನಗಲ್ ನರಸಿಂಗ ರಾವ್. ಮುಂದೆ ಇಡೀ ದೇಶಕ್ಕೆ ಒಂದೇ ಹಿಂದೂ ಕಾನೂನು ತರುವ ಮಸೂದೆಗಾಗಿ ಅಂಬೇಡ್ಕರ್ ಗುದ್ದಾಡಿದರು. ಅದು ನನೆಗುದಿಗೆ ಬಿದ್ದಾಗ 1951ರಲ್ಲಿ ಮಂತ್ರಿ ಪದವಿಯನ್ನೇ ಬಿಟ್ಟರು. ಕೊನೆಗೆ ಅದೇ ಮಸೂದೆ ತುಂಡು ತುಂಡಾಗಿ ಪಾಸಾಯಿತು. 1955ರ ವಿವಾಹ ಕಾಯ್ದೆ ಅದರಲ್ಲೊಂದು.

ಈ ಕಾಯ್ದೆ ಡೈವೋರ್ಸ್ ಕೊಟ್ಟಿತು, ನಿಜ. ಆದರೆ ಕೈ ಬಿಗಿ ಹಿಡಿದು ಕೊಟ್ಟಿತು. ಗಂಡ ಹೊಡೆಯುತ್ತಾನೆ ಅನ್ನುವುದು ಆಗ ಡೈವೋರ್ಸಿಗೆ ಕಾರಣವೇ ಅಲ್ಲ! ಕ್ರೌರ್ಯ, ಬಿಟ್ಟುಹೋಗುವುದು ಇವೆರಡಕ್ಕೂ ಸಿಗುತ್ತಿದ್ದದ್ದು ‘ನ್ಯಾಯಿಕ ಪ್ರತ್ಯೇಕತೆ’ ಮಾತ್ರ. ಅಂದರೆ ಬೇರೆ ಇರಿ, ಆದರೆ ಗಂಡ-ಹೆಂಡತಿಯಾಗಿಯೇ ಇರಿ ಅಂತ. ವ್ಯಭಿಚಾರ ಕಾರಣವಾಗಿತ್ತು. ಆದರೆ ಒಂದು ಸಲದ ತಪ್ಪು ಸಾಲದು, ಅದನ್ನೇ ನಡೆಸಿಕೊಂಡು ಬಂದಿರಬೇಕಿತ್ತು. ಬೇರೆ ಧರ್ಮಗಳವರ ಕಥೆಯೂ ನೆಟ್ಟಗಿರಲಿಲ್ಲ. ಕ್ರೈಸ್ತರಿಗೆ 1869ರ ಕಾಯ್ದೆ. ಅದರಲ್ಲಿ ಹೆಂಡತಿಯ ವ್ಯಭಿಚಾರವೊಂದೇ ಗಂಡನಿಗೆ ಸಾಕು. ಹೆಂಡತಿಯಾದರೆ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ, ಬಿಟ್ಟುಹೋದದ್ದನ್ನೋ ತೋರಿಸಬೇಕು. ಇದು ಸರಿಯಾಗಿದ್ದು 2001ರಲ್ಲಿ. ಮುಸ್ಲಿಂ ಹೆಣ್ಣುಮಕ್ಕಳಿಗೆ ಮಾತ್ರ ಕ್ರೌರ್ಯ, ಎರಡು ವರ್ಷ ಜೀವನಾಂಶ ಕೊಡದಿರುವುದು ಮುಂತಾದ ಕಾರಣಗಳ ಮೇಲೆ ಕೋರ್ಟಿಗೆ ಹೋಗುವ ದಾರಿ 1939ರಲ್ಲೇ ಸಿಕ್ಕಿತ್ತು.

ನನ್ನ ಪ್ರಕಾರ ನಿಜವಾದ ತಿರುವು 1976ರ ತಿದ್ದುಪಡಿ. ಕ್ರೌರ್ಯವೂ, ಎರಡು ವರ್ಷ ಬಿಟ್ಟುಹೋಗುವುದೂ ನೇರವಾಗಿ ಡೈವೋರ್ಸಿಗೆ ಕಾರಣವಾದವು. ಇಬ್ಬರೂ ಒಪ್ಪಿ ಬೇರೆಯಾಗುವ 13-ಬಿ ಸೆಕ್ಷನ್ ಬಂತು. ಇವತ್ತು ಬೆಂಗಳೂರಿನಲ್ಲಿ ಡೈವೋರ್ಸ್ ಅಂದರೆ ಏನೇನು ಕಣ್ಣಿಗೆ ಬರುತ್ತೋ ಅದೆಲ್ಲ ಹೆಚ್ಚುಕಡಿಮೆ ಆ ವರ್ಷದ್ದು. ಆಮೇಲೆ ಕಾರಣಗಳ ಪಟ್ಟಿಯಿಂದ ಒಂದು ಹೋಯಿತು. ಕುಷ್ಠರೋಗ ಡೈವೋರ್ಸಿಗೆ ಕಾರಣ ಅನ್ನುವ ಸಾಲನ್ನು ತೆಗೆದದ್ದು 2019ರಲ್ಲಿ. ಅಲ್ಲಿಯವರೆಗೂ ಅದು ಇತ್ತು ಅನ್ನುವುದೇ ಆಶ್ಚರ್ಯ, ಅಲ್ವಾ? ವ್ಯಭಿಚಾರ 2018ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಅಪರಾಧವಾಗಿ ಉಳಿದಿಲ್ಲ. ಡೈವೋರ್ಸಿಗೆ ಕಾರಣವಾಗಿ ಇನ್ನೂ ಇದೆ.

ಪಟ್ಟಿ ಎಷ್ಟೇ ಉದ್ದವಿದ್ದರೂ ವಕೀಲರು ಜಾಸ್ತಿ ಹಿಡಿಯುವುದು ಕ್ರೌರ್ಯವನ್ನೇ. ಅದರ ಅರ್ಥವನ್ನು ಕಾಯ್ದೆ ಹೇಳಿಲ್ಲ, ಕೋರ್ಟುಗಳೇ ಕಟ್ಟುತ್ತಾ ಬಂದಿವೆ. 1975ರ ದಾಸ್ತಾನೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ಒಂದು, ಕ್ರಿಮಿನಲ್ ಕೇಸಿನಂತೆ ಸಂಶಯವೇ ಇಲ್ಲದ ಸಾಕ್ಷ್ಯ ಬೇಡ, ನಡೆದಿರುವ ಸಾಧ್ಯತೆಯೇ ಹೆಚ್ಚು ಅಂತ ತೋರಿದರೆ ಸಾಕು. ಇನ್ನೊಂದು, ಕ್ರೌರ್ಯ ನಡೆದದ್ದು ನಿಜವಾದರೂ ಆಮೇಲೆ ಇಬ್ಬರೂ ಸಂಸಾರ ಮುಂದುವರಿಸಿದ್ದರೆ ಅದನ್ನು ಕ್ಷಮಿಸಿದ ಹಾಗೆ. ಅರ್ಜಿ ಹಾಕಿದ್ದ ಗಂಡ ಆ ಕಾರಣಕ್ಕೇ ಸೋತ. ‘ಆ ಜಗಳ ಆದ ಮೇಲೆ ಎಷ್ಟು ದಿನ ಒಟ್ಟಿಗಿದ್ದಿರಿ?’ ಅಂತ ವಕೀಲರು ಕೆದಕಿ ಕೇಳುವುದು ಸುಮ್ನೆ ಅಲ್ಲ. 2007ರಲ್ಲಿ ಸಮರ್ ಘೋಷ್ ಪ್ರಕರಣದಲ್ಲಿ ಮಾನಸಿಕ ಕ್ರೌರ್ಯಕ್ಕೆ ಉದಾಹರಣೆಗಳ ಪಟ್ಟಿಯನ್ನೇ ಕೋರ್ಟು ಕೊಟ್ಟಿತು. ಸಂಸಾರದಲ್ಲಿ ಇದ್ದದ್ದೇ ಅನ್ನುವಂಥ ಸಣ್ಣ ಪುಟ್ಟ ಕಿರಿಕಿರಿ ಕ್ರೌರ್ಯವಲ್ಲ ಅಂತಲೂ ಅದೇ ತೀರ್ಪು ಹೇಳಿದೆ.

ಹಾಗಾದರೆ ವಕೀಲರು ಮಾಡುವ ಕೆಲಸವೇನು? ಕಕ್ಷಿದಾರರು ಬರೆದುಕೊಂಡು ಬರುವುದು ಸಾಮಾನ್ಯವಾಗಿ ಹೀಗಿರುತ್ತೆ: ‘ಮದುವೆಯಾದಾಗಿನಿಂದ ಹಿಂಸೆ ಕೊಡುತ್ತಿದ್ದಾರೆ, ಮರ್ಯಾದೆ ಕೊಡುವುದಿಲ್ಲ.’ ಇಂಥ ಸಾಲು ಅರ್ಜಿಯಲ್ಲಿ ಹತ್ತು ಪುಟ ಇದ್ದರೂ ಪಾಟೀ ಸವಾಲಿನಲ್ಲಿ ಐದು ನಿಮಿಷ ನಿಲ್ಲುವುದಿಲ್ಲ. ಒಳ್ಳೆಯ ವಕೀಲರು ಕೂರಿಸಿಕೊಂಡು ಬಿಡಿಸುತ್ತಾರೆ. ಯಾವ ತಿಂಗಳು? ವಿಜಯನಗರದ ಮನೆಯಲ್ಲೋ, ತವರಿನಲ್ಲೋ? ಎದುರಿಗೆ ಯಾರಿದ್ದರು? ಆ ರಾತ್ರಿ ಯಾರಿಗಾದರೂ ಮೆಸೇಜ್ ಹಾಕಿದ್ದಿರಾ? ಡಾಕ್ಟರ ಚೀಟಿ ಇದೆಯಾ? ಕೊನೆಗೆ ಆ ಹತ್ತು ಪುಟ ಹೋಗಿ ನಾಲ್ಕೈದು ಘಟನೆ ಉಳಿಯುತ್ತವೆ, ತಾರೀಖಿನ ಸಮೇತ. ವಾಟ್ಸಾಪ್ ಸ್ಕ್ರೀನ್‌ಶಾಟ್ ಪ್ರಿಂಟ್ ಹಾಕಿಸಿದ ಮಾತ್ರಕ್ಕೆ ಸಾಕ್ಷ್ಯವಾಗುವುದಿಲ್ಲ. 2024ರ ಜುಲೈನಿಂದ ಜಾರಿಗೆ ಬಂದ ಸಾಕ್ಷ್ಯ ಕಾನೂನಿನ 63ನೇ ಸೆಕ್ಷನ್ ಪ್ರಕಾರ ಅದಕ್ಕೆ ಸರ್ಟಿಫಿಕೇಟ್ ಲಗತ್ತಿಸಬೇಕು. ಗಂಡ-ಹೆಂಡತಿ ಗುಟ್ಟಾಗಿ ರೆಕಾರ್ಡ್ ಮಾಡಿಕೊಂಡ ಮಾತನ್ನು ಡೈವೋರ್ಸ್ ಕೇಸಿನಲ್ಲಿ ಸಾಕ್ಷ್ಯವಾಗಿ ತರಬಹುದು ಅಂತ 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದು ಮನೆಗಳಲ್ಲಿ ಇನ್ನೆಷ್ಟು ಅಪನಂಬಿಕೆ ಹುಟ್ಟಿಸುತ್ತೋ ಅಂತ ನನಗೆ ಅಳುಕಿದೆ.

ಬಾಯಿಗೆ ಬಂದಂತೆ ಆರೋಪ ಬರೆಸುವವರಿಗೆ ಇನ್ನೊಂದು ಅಪಾಯವಿದೆ. ಅರ್ಜಿಯಲ್ಲಿ ಅಥವಾ ಅದಕ್ಕೆ ಎದುರಿನವರು ಕೊಡುವ ಉತ್ತರದಲ್ಲಿ (ಆಬ್ಜೆಕ್ಷನ್) ಬರೆದ ಆಧಾರವಿಲ್ಲದ ಕೊಳಕು ಆರೋಪವೇ ಮಾನಸಿಕ ಕ್ರೌರ್ಯವಾಗಬಹುದು. ಇದು 1994ರ ಭಗತ್ ಪ್ರಕರಣದಿಂದ ಬಂದ ಮಾತು. ಬೆಂಗಳೂರಿನದೇ ಒಂದು ಕೇಸು ನೋಡಿ. 2007ರಲ್ಲಿ ಮದುವೆ. ಹೆಂಡತಿ ತನ್ನನ್ನು ಕಪ್ಪು ಅಂತ ಹೀಯಾಳಿಸುತ್ತಾಳೆ ಅಂತ ಗಂಡ 2012ರಲ್ಲಿ ಅರ್ಜಿ ಹಾಕಿದ. ಅವನಿಗೆ ಪರಸಂಬಂಧ ಇದೆ ಅಂತ ಆಕೆ ತಿರುಗಿ ಆರೋಪಿಸಿದಳು. 2017ರಲ್ಲಿ ಫ್ಯಾಮಿಲಿ ಕೋರ್ಟ್ ಅರ್ಜಿ ವಜಾ ಮಾಡಿತು. 2023ರ ಆಗಸ್ಟಿನಲ್ಲಿ ಹೈಕೋರ್ಟ್ ಡೈವೋರ್ಸ್ ಕೊಟ್ಟಿತು. ಬಣ್ಣದ ಹೀಯಾಳಿಕೆಯ ಜೊತೆಗೆ ಆ ಆಧಾರವಿಲ್ಲದ ಆರೋಪವನ್ನೂ ಕ್ರೌರ್ಯ ಎಂದೇ ಎಣಿಸಿತು. ಗೆದ್ದದ್ದೇನೋ ಸರಿ. ಹನ್ನೊಂದು ವರ್ಷ ಹೋಯಿತಲ್ಲ?

ಇಷ್ಟು ಎಳೆಯಬಾರದು ಅಂತಲೇ 1984ರಲ್ಲಿ ಫ್ಯಾಮಿಲಿ ಕೋರ್ಟ್ ಕಾಯ್ದೆ ಬಂತು. ಅದರ 13ನೇ ಸೆಕ್ಷನ್ ಓದಿದರೆ ನಗು ಬರುತ್ತೆ. ಇಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಯಾರ ಹಕ್ಕೂ ಅಲ್ಲ, ಕೋರ್ಟಿನ ಅನುಮತಿ ಬೇಕು! ಬೆಂಗಳೂರಿನ ಫ್ಯಾಮಿಲಿ ಕೋರ್ಟ್ ಇರುವ ಎಚ್. ಸಿದ್ಧಯ್ಯ ರಸ್ತೆಯ ನ್ಯಾಯದೇಗುಲಕ್ಕೆ ಹೋಗಿ ನೋಡಿ, ಕಾರಿಡಾರ್ ತುಂಬ ಕಪ್ಪು ಕೋಟು. ತಪ್ಪೂ ಅನ್ನಲಾಗದು. ಐ.ಎ. (ಮಧ್ಯಂತರ ಅರ್ಜಿ), ಅಫಿಡವಿಟ್, ಮಧ್ಯಂತರ ಜೀವನಾಂಶ, ಆಸ್ತಿ-ಸಾಲದ ವಿವರ, ಇಷ್ಟನ್ನೆಲ್ಲ ಸಾಮಾನ್ಯರು ಒಬ್ಬರೇ ನಿಭಾಯಿಸುವುದು ಕಷ್ಟ. ಫೀಸಿಗೆ ಹಣವಿಲ್ಲದ ಹೆಂಗಸರು ಅದೇ ಕಟ್ಟಡದಲ್ಲಿರುವ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಕಾನೂನಿನಲ್ಲೇ ಇದೆ. ಫೋನ್ ನಂಬರ್ 15100.

ಅದೇ ಕಟ್ಟಡದಲ್ಲಿ ಇಬ್ಬರನ್ನೂ ರಾಜಿ ಮಾತುಕತೆಗೆ ಕೂರಿಸುವ ಮೀಡಿಯೇಷನ್ ಸೆಂಟರ್ ಕೂಡ ಇದೆ, 2007ರಲ್ಲಿ ಶುರುವಾದದ್ದು. ಜಗಳದ ಕೇಸುಗಳು ಎಷ್ಟೋ ಸಲ ದಾರಿ ಬದಲಿಸುವುದು ಅಲ್ಲೇ. ಕ್ರೌರ್ಯ ಅಂತ ಹಾಕಿದ ಅರ್ಜಿ, ಮಗು ಯಾರ ಬಳಿ, ದುಡ್ಡು ಎಷ್ಟು ಅನ್ನುವುದು ತೀರ್ಮಾನವಾದ ಮೇಲೆ 13-ಬಿ ಆಗಿಬಿಡುತ್ತೆ. 13-ಬಿ ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಲೇಬೇಕು ಅನ್ನುವ ನಿಯಮವನ್ನು ಸೂಕ್ತ ಸಂದರ್ಭದಲ್ಲಿ ಬಿಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಇದು ಇನ್ನೂ ಸಲೀಸಾಗಿದೆ. ಹಾಗಾಗಿ ತಪ್ಪಿನ ಅರ್ಜಿ ಎಷ್ಟೋ ಸಲ ಗೆಲ್ಲಲು ಹಾಕಿದ್ದಲ್ಲ, ಎದುರಿನವರನ್ನು ಮಾತಿಗೆ ಕೂರಿಸಲು ಹಾಕಿದ್ದು. ವಕೀಲರು ಇದನ್ನು ಬಾಯಿಬಿಟ್ಟು ಹೇಳಲಿಕ್ಕಿಲ್ಲ. ಇದರಲ್ಲಿ ನಷ್ಟ ಮಕ್ಕಳಿಗೆ. ಅಪ್ಪ-ಅಮ್ಮ ಒಬ್ಬರ ಮೇಲೊಬ್ಬರು ಬರೆದದ್ದು ಫೈಲಿನಲ್ಲಿ ಹಾಗೇ ಇರುತ್ತೆ.

ತಪ್ಪು ಹುಡುಕುವುದನ್ನೇ ಬಿಟ್ಟು, ಸರಿಪಡಿಸಲಾಗದಷ್ಟು ಮುರಿದ ಮದುವೆಯನ್ನು ಮುಗಿಸಿಬಿಡೋಣ ಅನ್ನುವ ಸಲಹೆ ಹಳೆಯದು. ಕಾನೂನು ಆಯೋಗ 1978ರಲ್ಲೇ ಹೇಳಿತ್ತು, 2009ರಲ್ಲಿ ಮತ್ತೆ ಹೇಳಿತು. 2013ರಲ್ಲಿ ರಾಜ್ಯಸಭೆ ಅಂಥ ಮಸೂದೆಯನ್ನು ಪಾಸೂ ಮಾಡಿತು. ಲೋಕಸಭೆಯಲ್ಲಿ ಅದು ಪಾಸಾಗದೆ, ಸಭೆಯ ಅವಧಿ ಮುಗಿದು ರದ್ದಾಯಿತು. 2023ರ ಮೇ 1ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಸಂವಿಧಾನದ 142ನೇ ವಿಧಿಯಡಿ ತಾನು ಅಂಥ ಮದುವೆಯನ್ನು ಮುಗಿಸಬಹುದು, ಒಬ್ಬರು ಒಪ್ಪದಿದ್ದರೂ ಸರಿ, ಅಂತ ತೀರ್ಪು ಕೊಟ್ಟಿತು. ಆ ಅಧಿಕಾರ ಅದಕ್ಕೆ ಮಾತ್ರ. ನ್ಯಾಯದೇಗುಲದ ನ್ಯಾಯಾಧೀಶರಿಗೂ ಇಲ್ಲ, ಹೈಕೋರ್ಟಿಗೂ ಇಲ್ಲ. ಬೆಂಗಳೂರಿನಿಂದ ದೆಹಲಿವರೆಗೆ ಕೇಸು ಒಯ್ಯುವ ಶಕ್ತಿ ಎಷ್ಟು ಜನರಿಗಿದೆ? ಉಳಿದವರ ಅರ್ಜಿಯಲ್ಲಿ 13(1)(ಐಎ), ಅಂದರೆ ಕ್ರೌರ್ಯ, ಮುಂದೆಯೂ ಇದ್ದೇ ಇರುತ್ತೆ.