‘ನಾನ್ಯಾರು ಹೇಳಿ ನೋಡೋಣ?’ ಅಂತ ಕೇಳೋದು ಬಿಡಿ

ಸ್ಟ್ರೋಕ್ ಆದವರನ್ನು ನೋಡಲು ಬರುವ ನೆಂಟರು ಮಂಚದ ಪಕ್ಕ ನಿಂತು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. ‘ಮಾವ, ನಾನ್ಯಾರು ಹೇಳಿ ನೋಡೋಣ?’ ಉತ್ತರ ಸರಿ ಬಂದರೆ ಎಲ್ಲರಿಗೂ ಖುಷಿ. ತಪ್ಪಿದರೆ ಇನ್ನೊಬ್ಬರು ಮುಂದೆ ಬರುತ್ತಾರೆ. ‘ಹೋಗ್ಲಿ, ನಾನ್ಯಾರು?’ ಅವರೆಲ್ಲ ಹೋದ ಮೇಲೆ ಮನೆಯವರ ಸರದಿ. ಇವತ್ತು ಯಾವ ವಾರ, ಬೆಳಿಗ್ಗೆ ತಿಂಡಿ ಏನಿತ್ತು, ಮೊಮ್ಮಗನ ಹೆಸರೇನು. ಪ್ರೀತಿಯಿಂದಲೇ ಕೇಳುತ್ತಾರೆ. ಹೀಗೆ ಕೇಳಿ ಕೇಳಿ ಅಭ್ಯಾಸ ಮಾಡಿಸಿದರೆ ನೆನಪು ವಾಪಸ್ ಬರುತ್ತದೆ ಅನ್ನೋ ನಂಬಿಕೆ.

ನಾನು ನ್ಯೂರೋಸೈಕಾಲಜಿಸ್ಟ್. ಸ್ಟ್ರೋಕ್ ಆದವರು, ಮೆದುಳಿನ ಆಪರೇಷನ್ ಆದವರು ನನ್ನ ಹತ್ತಿರ ಬರುತ್ತಾರೆ. ಅವರ ನೆನಪು, ಗಮನ, ಯೋಚನೆ ಎಷ್ಟರ ಮಟ್ಟಿಗಿದೆ ಅಂತ ನೋಡಿ ತರಬೇತಿ ಕೊಡುವುದು ನನ್ನ ಕೆಲಸ. ಜೊತೆಗೆ ಬಂದ ಮಗ, ಸೊಸೆ, ಹೆಂಡತಿಗೆ ನಾನು ಮೊದಲು ಹೇಳುವುದು ಇಷ್ಟು: ಪರೀಕ್ಷೆ ಮಾಡೋದನ್ನ ನನಗೆ ಬಿಡಿ. ನೀವು ಉತ್ತರ ಹೇಳಿಕೊಡಿ.

ಬಹಳ ಜನ ಇದನ್ನು ಸುಲಭಕ್ಕೆ ನಂಬುವುದಿಲ್ಲ. ‘ನಾವೇ ಹೇಳಿಬಿಟ್ಟರೆ ಅವರು ಕಲಿಯೋದು ಹೇಗೆ ಮೇಡಂ?’ ಅನ್ನುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಸ್ವಲ್ಪ ಹಳೆಯದು.

1953ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಹೆನ್ರಿ ಮೊಲೈಸನ್ ಎಂಬ 27ರ ಯುವಕನಿಗೆ ಫಿಟ್ಸ್ ನಿಲ್ಲಿಸಲೆಂದು ಮೆದುಳಿನ ಆಪರೇಷನ್ ಆಯಿತು. ಸರ್ಜನ್ ವಿಲಿಯಂ ಸ್ಕೋವಿಲ್ ಮೆದುಳಿನ ಎರಡೂ ಬದಿಯಲ್ಲಿ, ಹೊಸ ನೆನಪು ಕೂಡಿಡುವ ಹಿಪೊಕ್ಯಾಂಪಸ್ ಎಂಬ ಭಾಗದ ದೊಡ್ಡ ಪಾಲು ತೆಗೆದರು. ಫಿಟ್ಸ್ ಕಡಿಮೆಯಾಯಿತು. ಆದರೆ ಅಂದಿನಿಂದ ಹೊಸದಾಗಿ ನಡೆದದ್ದು ಯಾವುದೂ ಅವನ ನೆನಪಿನಲ್ಲಿ ನಿಲ್ಲಲಿಲ್ಲ. ಅವನನ್ನು ಪರೀಕ್ಷಿಸಿದ ಬ್ರೆಂಡಾ ಮಿಲ್ನರ್ ಒಂದು ಕೆಲಸ ಕೊಟ್ಟರು. ಕೈಯನ್ನು ಕನ್ನಡಿಯಲ್ಲಿ ಮಾತ್ರ ನೋಡುತ್ತಾ, ನಕ್ಷತ್ರದ ಎರಡು ಗೆರೆಗಳ ನಡುವೆ ಪೆನ್ಸಿಲ್ ಎಳೆಯಬೇಕು. ಯಾರಿಗಾದರೂ ಮೊದಮೊದಲು ತಪ್ಪುವ ಕೆಲಸ ಅದು. ಮೂರು ದಿನ ಮಾಡಿಸಿದರು. ಪ್ರತಿದಿನವೂ ಅವನಿಗೆ ಅದು ಹೊಸ ಕೆಲಸ, ಹಿಂದೆ ಮಾಡಿದ್ದು ನೆನಪೇ ಇಲ್ಲ. ಆದರೂ ತಪ್ಪುಗಳು ದಿನದಿಂದ ದಿನಕ್ಕೆ ಇಳಿದವು. ಅವನಿಗೆ ಗೊತ್ತಾಗದೆಯೇ ಅವನ ಕೈ ಕಲಿತಿತ್ತು.

ನೆನಪಿನಲ್ಲಿ ಬೇರೆ ಬೇರೆ ಬಗೆಗಳಿವೆ ಅನ್ನೋದು ಹೀಗೆ ಖಚಿತವಾಯಿತು. ನಿನ್ನೆ ಯಾರು ಬಂದಿದ್ದರು, ಏನು ಮಾತಾಡಿದೆವು ಅನ್ನುವ ನೆನಪು ಒಂದು. ಮಾಡಿ ಮಾಡಿ ರೂಢಿಯಾಗುವುದು ಇನ್ನೊಂದು. ಸ್ಟ್ರೋಕ್ ಆದವರಲ್ಲಿ, ಆಪರೇಷನ್ ಆದವರಲ್ಲಿ ಹೆಚ್ಚಾಗಿ ಪೆಟ್ಟು ತಿನ್ನುವುದು ಮೊದಲನೆಯದು. ಎರಡನೆಯದು ಎಷ್ಟೋ ಸಲ ಗಟ್ಟಿಯಾಗಿಯೇ ಉಳಿದಿರುತ್ತದೆ. ನಮ್ಮ ತರಬೇತಿಗೆಲ್ಲ ಅದೇ ಬಂಡವಾಳ.

ಆದರೆ ಈ ರೂಢಿಯ ಕಲಿಕೆಗೆ ಸರಿ ತಪ್ಪು ಗೊತ್ತಾಗುವುದಿಲ್ಲ. ನಿಮ್ಮ ಪ್ರಶ್ನೆಗೆ ಅಪ್ಪ ಊಹೆ ಮಾಡಿ ತಪ್ಪು ಹೆಸರು ಹೇಳುತ್ತಾರೆ. ನೀವು ‘ಅಲ್ಲಪ್ಪಾ, ನಾನು ಸುರೇಶ’ ಅಂತ ತಿದ್ದುತ್ತೀರಿ. ನಮಗಾದರೆ ತಿದ್ದಿದ್ದೂ ನೆನಪಿರುತ್ತದೆ. ಅವರಿಗೆ ತಿದ್ದಿದ್ದು ಉಳಿಯುವುದಿಲ್ಲ, ಬಾಯಲ್ಲಿ ಬಂದ ತಪ್ಪು ಹೆಸರು ಮಾತ್ರ ಉಳಿಯುತ್ತದೆ. ಮಾರನೆ ದಿನ ಮತ್ತೆ ಅದೇ ಹೆಸರು. ಗದ್ದೆಯಲ್ಲಿ ಯಾರೋ ದಾರಿ ತಪ್ಪಿ ನಡೆದರೂ ಹುಲ್ಲು ಸವೆಯುತ್ತದಲ್ವಾ, ನಾಲ್ಕು ಸಲ ನಡೆದರೆ ಅದೇ ಕಾಲುದಾರಿ.

1994ರಲ್ಲಿ ಇಂಗ್ಲೆಂಡಿನ ಅಲನ್ ಬ್ಯಾಡ್ಲಿ ಮತ್ತು ಬಾರ್ಬರಾ ವಿಲ್ಸನ್ ಇದನ್ನು ಪರೀಕ್ಷಿಸಿ ನೋಡಿದರು. ನೆನಪು ತೀರಾ ಕುಗ್ಗಿದವರಿಗೆ ಎರಡು ರೀತಿಯಲ್ಲಿ ಪದ ಕಲಿಸಿದರು. ಒಂದರಲ್ಲಿ ಮೊದಲೆರಡು ಅಕ್ಷರ ಕೊಟ್ಟು ‘ಊಹಿಸಿ’ ಅಂದರು. ಇನ್ನೊಂದರಲ್ಲಿ ಪದವನ್ನೇ ನೇರವಾಗಿ ಹೇಳಿ ಬರೆಸಿದರು. ಊಹೆಗೆ ಅವಕಾಶ ಕೊಡದೆ ಕಲಿಸಿದಾಗ ಅವರು ಎಷ್ಟೋ ಚೆನ್ನಾಗಿ ಕಲಿತರು. ಇದನ್ನೇ ನಾವು ಎರರ್‌ಲೆಸ್ ಲರ್ನಿಂಗ್ ಅನ್ನುತ್ತೇವೆ, ಅಂದರೆ ತಪ್ಪಲು ಬಿಡದೆ ಕಲಿಸುವುದು.

ಮನೆಯಲ್ಲಿ ಮಾಡುವುದು ಹೀಗೆ. ಒಳಗೆ ಬಂದ ಕೂಡಲೇ ‘ಅಪ್ಪಾ, ನಾನು ಸುರೇಶ, ನಿಮ್ಮ ಎರಡನೇ ಮಗ. ಆಫೀಸಿಂದ ಬಂದೆ’ ಅನ್ನಿ. ಹೊಸದೊಂದು ವಿಷಯ ಕಲಿಸಬೇಕು ಅಂದುಕೊಳ್ಳಿ, ಮಾತ್ರೆ ಡಬ್ಬಿ ದೇವರ ಮನೆ ಪಕ್ಕದ ಕಪಾಟಿನಲ್ಲಿದೆ ಅನ್ನೋದು. ಕರೆದುಕೊಂಡು ಹೋಗಿ ತೋರಿಸಿ, ಹೇಳಿ. ತಕ್ಷಣ ಕೇಳಿ. ಈಗಷ್ಟೇ ಹೇಳಿದ್ದರಿಂದ ಸರಿಯಾಗಿಯೇ ಹೇಳುತ್ತಾರೆ. ಒಂದು ನಿಮಿಷ ಬಿಟ್ಟು ಕೇಳಿ. ಆಮೇಲೆ ಎರಡು, ನಾಲ್ಕು, ಎಂಟು ನಿಮಿಷ. ಎಲ್ಲಾದರೂ ತಡವರಿಸಿದರೆ ಯೋಚಿಸಲು ಬಿಡಬೇಡಿ. ಉತ್ತರ ನೀವೇ ಹೇಳಿ, ಅವರ ಬಾಯಿಂದ ಒಮ್ಮೆ ಹೇಳಿಸಿ, ಹಿಂದಿನ ಅಂತರಕ್ಕೆ ವಾಪಸ್ ಹೋಗಿ. ನೋಡಿ, ಇಲ್ಲೂ ಪ್ರಶ್ನೆ ಇದೆ. ಆದರೆ ಸರಿ ಉತ್ತರ ಬರುತ್ತದೆ ಅಂತ ಖಾತ್ರಿ ಇರುವಾಗ ಮಾತ್ರ ಕೇಳುವ ಪ್ರಶ್ನೆ ಅದು. ಒಂದು ಸಲಕ್ಕೆ ಒಂದೇ ವಿಷಯ ಸಾಕು. ಅದೂ ದಿನಾ ಬೇಕಾಗುವಂಥದ್ದು. ಮುಖ್ಯಮಂತ್ರಿ ಯಾರು ಅಂತ ಅವರಿಗೆ ಕಲಿಸಿ ನಿಮಗೇನಾಗಬೇಕು?

ಇನ್ನೊಂದು ಮಾತು. ಹೆಸರು ಹೇಳಲಾಗದವರೆಲ್ಲ ಹೆಸರು ಮರೆತವರಲ್ಲ. ಮೆದುಳಿನ ಎಡಭಾಗಕ್ಕೆ ಸ್ಟ್ರೋಕ್ ಆದ ಹಲವರಿಗೆ ಮಾತು ಹುಡುಕುವುದೇ ಕಷ್ಟ. ಎದುರಿಗಿರುವುದು ಮಗಳು ಅಂತ ಚೆನ್ನಾಗಿ ಗೊತ್ತು, ಹೆಸರು ಬಾಯಿಗೆ ಬರುವುದಿಲ್ಲ. ಅಂಥವರನ್ನು ಹತ್ತು ಜನರ ಮುಂದೆ ‘ಹೇಳಿ, ಹೇಳಿ’ ಅಂದರೆ ಅವರಿಗಾಗುವ ಅವಮಾನ ಊಹಿಸಿ. ಇದಕ್ಕೆ ಬೇಕಾದದ್ದು ಸ್ಪೀಚ್ ಥೆರಪಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥದ್ದಕ್ಕೇ ಹೆಸರಾದ ಜಾಗ.

‘ಮರೆವು ಜಾಸ್ತಿ’ ಅಂತ ಬರುವವರಲ್ಲಿ ಎಷ್ಟೋ ಮಂದಿಗೆ ನಿಜಕ್ಕೂ ಕೈಕೊಟ್ಟಿರುವುದು ಗಮನ. ಕಿವಿಗೆ ಬಿದ್ದದ್ದು ಒಳಗೇ ಹೋಗಿರುವುದಿಲ್ಲ, ನೆನಪಿರುವುದು ಹೇಗೆ? ಟಿವಿ ಹಾಕಿಕೊಂಡು, ಅಡುಗೆಮನೆಯಿಂದ ಕೂಗಿ ‘ರೀ, ಮಧ್ಯಾಹ್ನ ಮಾತ್ರೆ ತಗೊಳ್ಳಿ’ ಅಂದರೆ ಅದು ಅವರನ್ನು ಮುಟ್ಟುವುದೇ ಇಲ್ಲ. ಟಿವಿ ಆರಿಸಿ, ಎದುರು ಕೂತು, ಚಿಕ್ಕದಾಗಿ ಹೇಳಿ. ಅರ್ಧ ಮರೆವು ಅಲ್ಲೇ ಹೋಗುತ್ತದೆ.

ಗಮನಕ್ಕೆ ತರಬೇತಿ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ರೂಪಿಸಿದ ಅಭ್ಯಾಸಗಳಲ್ಲಿ ನನಗೆ ಅಚ್ಚುಮೆಚ್ಚಿನದು ಕಾಳು ವಿಂಗಡಿಸುವುದು. ಎರಡು ಮೂರು ಬಗೆಯ ಕಾಳು ಬೆರೆಸಿ ತಟ್ಟೆಯಲ್ಲಿ ಕೊಡುತ್ತೇವೆ. ಬೇರೆ ಬೇರೆ ಬಟ್ಟಲಿಗೆ ಹಾಕಬೇಕು. ಎಷ್ಟು ಹೊತ್ತು ಹಿಡಿಯಿತು, ಎಷ್ಟು ತಪ್ಪಿತು ಅಂತ ಬರೆದಿಡುತ್ತೇವೆ. ಮೊದಲು ಕಡಲೆ ಮತ್ತು ಹೆಸರುಕಾಳು, ನೋಡಿದರೇ ಗೊತ್ತಾಗುವಂಥದ್ದು. ಆಮೇಲೆ ಬಣ್ಣ, ಗಾತ್ರ ಹತ್ತಿರ ಹತ್ತಿರ ಇರುವ ಕಾಳು. ಅಕ್ಕಿ ಆರಿಸಿ, ರಾಗಿ ಕೇರಿ ಅಭ್ಯಾಸವಿರುವ ಅಮ್ಮಂದಿರು ಮೊರ ಸಿಕ್ಕ ಕೂಡಲೇ ಚುರುಕಾಗುವುದನ್ನು ನೋಡಬೇಕು. ಗಂಡಸರು ಮಾತ್ರ ‘ಇದೆಂಥ ಕೆಲಸ ಕೊಟ್ರಿ’ ಅಂತ ಮುಖ ಸಿಂಡರಿಸುತ್ತಾರೆ. ಅವರಿಗೆ ಪೇಪರ್ ಕೊಟ್ಟು, ಒಂದು ಸುದ್ದಿಯಲ್ಲಿರುವ ‘ಕ’ ಅಕ್ಷರಕ್ಕೆಲ್ಲ ಗೆರೆ ಹೊಡೆಯಿರಿ ಅನ್ನುತ್ತೇನೆ. ಕೆಲಸ ಅದೇ.

ಆದರೆ ಕಾಳು ಆರಿಸುವುದರಲ್ಲಿ ಶೂರರಾದರೆ ಬದುಕೆಲ್ಲ ಸರಿಹೋಗುತ್ತದೆ ಅಂತಲ್ಲ. ಮೊಬೈಲಿನ ಬ್ರೈನ್ ಗೇಮ್‌ಗಳ ಕಥೆಯೂ ಅಷ್ಟೇ. 2010ರಲ್ಲಿ ಬಿಬಿಸಿ ಜೊತೆ ಸೇರಿ ವಿಜ್ಞಾನಿಗಳು ಬ್ರಿಟನ್ನಿನಲ್ಲಿ 11,430 ಆರೋಗ್ಯವಂತರಿಗೆ ಆರು ವಾರ ಇಂಥ ಆಟ ಆಡಿಸಿ ನೋಡಿದರು. ಆಡಿದ ಆಟದಲ್ಲಿ ಚುರುಕಾದರು, ಬೇರೆ ಪರೀಕ್ಷೆಗಳಲ್ಲಿ ಅದರ ಲಾಭ ಕಾಣಲಿಲ್ಲ. ಹಾಗಾಗಿ ಕಾಳಿನಿಂದ ಬೇಗ ನಿಜವಾದ ಕೆಲಸಕ್ಕೆ ದಾಟಿಸುವುದು ನನ್ನ ಪದ್ಧತಿ. ಕಿರಾಣಿ ಅಂಗಡಿಯ ಯಜಮಾನರೊಬ್ಬರಿಗೆ ಸಾಮಾನಿನ ಚೀಟಿ ಓದಿ ಕೂಡಿಸುವುದೇ ವ್ಯಾಯಾಮವಾಯಿತು. ಮೊದಲು ಮೂರು ಸಾಮಾನು, ಒಳಕೋಣೆಯಲ್ಲಿ. ಆಮೇಲೆ ಆರು. ಕೊನೆಗೆ ಗಿರಾಕಿ ಇರುವಾಗ, ಮಗ ಪಕ್ಕದಲ್ಲಿ ನಿಂತು.

ಬಲಭಾಗದ ಮೆದುಳಿಗೆ ಸ್ಟ್ರೋಕ್ ಆದ ಕೆಲವರಲ್ಲಿ ಒಂದು ವಿಚಿತ್ರ ಕಾಣುತ್ತದೆ. ಕಣ್ಣು ಸರಿಯಿರುತ್ತದೆ, ಆದರೆ ಎಡಗಡೆ ಅನ್ನೋದೇ ಅವರ ಪಾಲಿಗೆ ಇರುವುದಿಲ್ಲ. ಬಾಳೆ ಎಲೆ ಮುಂದೆ ಕೂರಿಸಿದರೆ ಗೊತ್ತಾಗುತ್ತದೆ. ನಮ್ಮಲ್ಲಿ ಉಪ್ಪು ಬಡಿಸುವುದು ಎಡತುದಿಗೆ. ಇವರು ಬಲಗಡೆಯ ಪಲ್ಯ ಮುಗಿಸಿ, ಅನ್ನದಲ್ಲಿ ಬಲಗಡೆಯ ಅರ್ಧ ಉಂಡು, ‘ಉಪ್ಪೇ ಹಾಕಿಲ್ಲ’ ಅಂತ ಸೊಸೆ ಮೇಲೆ ರೇಗುತ್ತಾರೆ. ಬಸ್ಸಿನ ಬೋರ್ಡಿನಲ್ಲಿ ‘ಹೊಸಕೋಟೆ’ ಅಂತಿದ್ದರೆ ‘ಕೋಟೆ’ ಅಂತ ಓದುತ್ತಾರೆ. ಎಡಗೆನ್ನೆಗೆ ಶೇವಿಂಗ್ ಆಗಿರುವುದಿಲ್ಲ. ಹಟವೂ ಅಲ್ಲ, ಹುಚ್ಚೂ ಅಲ್ಲ. ಪುಟದ ಎಡಅಂಚಿಗೆ ದಪ್ಪ ಕೆಂಪು ಗೆರೆ ಎಳೆದು, ‘ಗೆರೆ ಕಂಡ ಮೇಲೇ ಓದಲು ಶುರು’ ಅಂತ ರೂಢಿ ಮಾಡಿಸುತ್ತೇವೆ. ಊಟಕ್ಕೆ ಕೂತಾಗ ಎಲೆಯ ಎಡಪಕ್ಕ ಕೆಂಪು ಕರವಸ್ತ್ರ ಇಟ್ಟರೂ ಆಯಿತು. ಮನೆಯವರು ಮಾತಾಡಿಸುವಾಗ ಮೊದಲು ಬಲಗಡೆಯಿಂದ ಬಂದು, ನಿಧಾನಕ್ಕೆ ಎಡಕ್ಕೆ ಸರಿಯಬೇಕು.

ಮೆದುಳಿನ ಮುಂಭಾಗದ ಗೆಡ್ಡೆ ತೆಗೆಸಿಕೊಂಡವರದು ಇನ್ನೊಂದು ಕಷ್ಟ. ನೆನಪಿನ ಪರೀಕ್ಷೆಯಲ್ಲಿ ಪಾಸು. ಮನೆಗೆ ಹೋಗಿ ಕಾಫಿ ಮಾಡಲು ನಿಂತರೆ ಎಡವಟ್ಟು. ಫಿಲ್ಟರಿಗೆ ಪುಡಿ ಹಾಕುವ ಮೊದಲೇ ಬಿಸಿನೀರು ಸುರಿಯುತ್ತಾರೆ. ಹಾಲು ಒಲೆ ಮೇಲಿಟ್ಟು, ಫೋನ್ ಬಂತು ಅಂತ ಹೋದವರು ವಾಪಸ್ ಬರುವುದಿಲ್ಲ. ಹಂತ ಹಂತವಾಗಿ ಯೋಚಿಸುವ ಶಕ್ತಿಗೆ ಬಿದ್ದ ಪೆಟ್ಟು ಇದು. ಇಂಥವರಿಗೆ ಒಲೆ ಪಕ್ಕದ ಗೋಡೆಗೆ ಹಂತಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ. ಜೊತೆಗೆ ಒಂದು ಅಭ್ಯಾಸ ಕಲಿಸುತ್ತೇವೆ. ಕೆಲಸದ ನಡುವೆ ನಿಂತು, ಬಾಯಿಬಿಟ್ಟು ‘ನಾನೇನು ಮಾಡ್ತಿದ್ದೆ? ಈಗ ಮುಂದೇನು?’ ಅಂತ ತಮಗೆ ತಾವೇ ಕೇಳಿಕೊಳ್ಳುವುದು. ಮೊದಮೊದಲು ಪಕ್ಕದಲ್ಲಿರುವವರು ‘ನಿಲ್ಲಿ’ ಅಂತ ನೆನಪಿಸಬೇಕು. ಗ್ಯಾಸ್ ಹತ್ತಿರ ಒಬ್ಬರನ್ನೇ ಬಿಡಬೇಡಿ.

ಚೀಟಿ, ಡೈರಿ, ಮೊಬೈಲ್ ಅಲಾರಾಂ ಅಂದರೆ ಕೆಲವರಿಗೆ ಅಸಮಾಧಾನ. ಅದನ್ನೇ ನಂಬಿಕೊಂಡು ಮೆದುಳು ಸೋಮಾರಿಯಾಗುತ್ತದೆ ಅಂತ ಭಯ. ನನಗೆ ಆ ಭಯ ಇಲ್ಲ. ಬಾರ್ಬರಾ ವಿಲ್ಸನ್ ತಂಡವೇ 2001ರಲ್ಲಿ 143 ಜನರಿಗೆ ಪೇಜರ್ ಕೊಟ್ಟು ನೋಡಿತು. ಹೊತ್ತು ಹೊತ್ತಿಗೆ ‘ಮಾತ್ರೆ ತಗೊಳ್ಳಿ’, ‘ಬಾಗಿಲು ಹಾಕಿ’ ಅಂತ ಸಂದೇಶ ಬರುತ್ತಿತ್ತು. ಬಹುಪಾಲು ಜನರ ದಿನದ ಕೆಲಸ ಸುಧಾರಿಸಿತು. ಪೇಜರ್ ವಾಪಸ್ ತಗೊಂಡ ಮೇಲೂ ಕೆಲವರಲ್ಲಿ ಆ ರೂಢಿ ಉಳಿಯಿತು. ಈಗ ಆ ಕೆಲಸಕ್ಕೆ ಎಲ್ಲರ ಜೇಬಿನಲ್ಲೂ ಫೋನ್ ಇದೆ. ಅಲಾರಾಂಗೆ ಸುಮ್ನೆ ಟ್ರಿಂಗ್ ಅನ್ನುವ ಸದ್ದು ಇಟ್ಟರೆ ಪ್ರಯೋಜನವಿಲ್ಲ, ಯಾಕೆ ಹೊಡೆದುಕೊಂಡಿತು ಅನ್ನೋದೇ ನೆನಪಿರುವುದಿಲ್ಲ. ಮಗಳ ದನಿಯಲ್ಲಿ ‘ಅಪ್ಪಾ, ಬಿಪಿ ಮಾತ್ರೆ’ ಅಂತ ರೆಕಾರ್ಡ್ ಮಾಡಿಡಿ.

ಒಂದೆಲಗ, ಬಾದಾಮಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಒಂದೆಲಗದ ಚಟ್ನಿ ರುಚಿಯಾಗಿರುತ್ತದೆ, ತಿನ್ನಿ. ಸ್ಟ್ರೋಕ್‌ನಲ್ಲಿ ಹೋದ ನೆನಪು ಅದರಿಂದ ಬರುವುದಿಲ್ಲ. ಅದಕ್ಕಿಂತ, ನೆನಪನ್ನು ತಿನ್ನುತ್ತಿರುವ ಬೇರೆ ಕಾರಣ ಇದೆಯಾ ಅಂತ ಡಾಕ್ಟರ್ ಹತ್ತಿರ ನೋಡಿಸಿ. ಸ್ಟ್ರೋಕ್ ಆದ ಮೂವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಬರುತ್ತದೆ. ಮಂಕಾಗಿ ಕೂತವರನ್ನು ನೋಡಿ ಮರೆವು ಅಂದುಕೊಳ್ಳುತ್ತೇವೆ. ಗೊರಕೆ, ಕೆಟ್ಟ ನಿದ್ದೆ, ಬಿ12 ಕೊರತೆ, ಥೈರಾಯ್ಡ್, ರಕ್ತದಲ್ಲಿ ಸೋಡಿಯಂ ಇಳಿಯುವುದು, ಇವೆಲ್ಲವೂ ತಲೆಯನ್ನು ಮಂಜು ಮಾಡುತ್ತವೆ. ಎಲ್ಲಕ್ಕೂ ಚಿಕಿತ್ಸೆ ಇದೆ. ಆಪರೇಷನ್ ಆದವರಿಗೆ ಫಿಟ್ಸ್ ಬಾರದಿರಲೆಂದು ಕೊಡುವ ಲೆವೆಟಿರಾಸೆಟಾಮ್ ಕೆಲವರಲ್ಲಿ ವಿಪರೀತ ಸಿಟ್ಟು ತರಿಸುತ್ತದೆ. ನೀವೇ ನಿಲ್ಲಿಸಬೇಡಿ, ಸರ್ಜನ್‌ಗೆ ಹೇಳಿ, ಬದಲಿ ಮಾತ್ರೆಗಳಿವೆ. ಸುಧಾರಿಸುತ್ತಿದ್ದವರು ಇದ್ದಕ್ಕಿದ್ದಂತೆ ಮಂಕಾದರೆ, ನಡಿಗೆ ತಡವರಿಸಿ ಬಟ್ಟೆಯಲ್ಲೇ ಮೂತ್ರವಾಗತೊಡಗಿದರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ. ತಲೆಯೊಳಗೆ ನೀರು ತುಂಬಿಕೊಳ್ಳುತ್ತಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ.

‘ಆರು ತಿಂಗಳಾಯ್ತು, ಇನ್ನು ಇಷ್ಟೇ ಅಂದ್ರು’ ಅಂತ ಬರುವವರಿದ್ದಾರೆ. ಮೊದಲ ಮೂರು ತಿಂಗಳಲ್ಲಿ ಸುಧಾರಣೆ ವೇಗವಾಗಿರುತ್ತದೆ, ಆಮೇಲೆ ನಿಧಾನ, ಅದು ನಿಜ. ಆದರೆ ಮೆದುಳು ತಾನಾಗಿ ಸುಧಾರಿಸಿಕೊಳ್ಳುವುದು ಬೇರೆ, ಮನುಷ್ಯ ಹೊಸ ಉಪಾಯ ಕಲಿಯುವುದು ಬೇರೆ. ಎರಡನೆಯದಕ್ಕೆ ಗಡುವಿಲ್ಲ.

ಭಾಷೆಯ ಬಗ್ಗೆಯೂ ಒಂದು ಮಾತು. ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಅವರ ತಂಡ ಹೈದರಾಬಾದಿನ 608 ಸ್ಟ್ರೋಕ್ ರೋಗಿಗಳ ಮಾಹಿತಿ ನೋಡಿ 2016ರಲ್ಲಿ ಪ್ರಕಟಿಸಿತು. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಶೇ 40.5 ಮಂದಿಯ ಯೋಚನಾಶಕ್ತಿ ಸ್ಟ್ರೋಕ್ ನಂತರವೂ ಸರಿಯಾಗಿತ್ತು. ಒಂದೇ ಭಾಷೆಯವರಲ್ಲಿ ಅದು ಶೇ 19.6. ಮನೆಯಲ್ಲಿ ತುಳುವೋ ಕೊಂಕಣಿಯೋ, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಅಂತ ಬದುಕುವ ನಮ್ಮವರಿಗೆ ಇದು ಒಳ್ಳೆ ಸುದ್ದಿ. ಸ್ಟ್ರೋಕ್ ಆದ ಮೇಲೆ ‘ಗೊಂದಲ ಆಗುತ್ತೆ’ ಅಂತ ಮನೆಮಾತು ನಿಲ್ಲಿಸುವ ಅಗತ್ಯವಿಲ್ಲ.

ಹಾಂ, ಇನ್ನೊಂದು. ಈ ಹೊತ್ತಲ್ಲಿ ಆಸ್ತಿ ಪತ್ರಕ್ಕೆ ಸಹಿ ಹಾಕಿಸಲು ಓಡಾಡಬೇಡಿ. ‘ನಂಗೇನೂ ಆಗಿಲ್ಲ’ ಅಂತ ರೋಗಿಯೇ ಗಟ್ಟಿಯಾಗಿ ಹೇಳುತ್ತಿದ್ದರೂ ಅಷ್ಟೇ. ತನಗೇನಾಗಿದೆ ಅಂತ ತನಗೇ ತಿಳಿಯದಿರುವುದೂ ಈ ಕಾಯಿಲೆಯ ಭಾಗ. ಯುಪಿಐ ಪಿನ್, ಸ್ಕೂಟರ್ ಕೀ ಬಗ್ಗೆಯೂ ಪರೀಕ್ಷೆ ಆದ ಮೇಲೆ ತೀರ್ಮಾನಿಸಿ.

ಪರೀಕ್ಷೆಗೆ ಬೆಂಗಳೂರಿಗೇ ಬರಬೇಕು ಅಂತಿಲ್ಲ. 2022ರಲ್ಲಿ ಶುರುವಾದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಅಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್‌ಗಳು ಬಂದಿವೆ. ಮೊದಲು ಅಲ್ಲಿ ವಿಚಾರಿಸಿ. ಹೋಗುವಾಗ ಡಿಸ್ಚಾರ್ಜ್ ಸಮರಿ, ಸ್ಕ್ಯಾನ್, ಈಗ ತಗೊಳ್ಳುತ್ತಿರುವ ಎಲ್ಲ ಮಾತ್ರೆ ತಗೊಂಡು ಹೋಗಿ. ಕಾಯಿಲೆಗೆ ಮೊದಲು ಅವರ ದಿನ ಹೇಗೆ ಸಾಗುತ್ತಿತ್ತು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ತರಬೇತಿಯ ಗುರಿ ಹುಟ್ಟುವುದು ಅಲ್ಲಿಂದಲೇ. ಕನ್ನಡಕ, ಕಿವಿ ಮಿಷನ್ ಮರೆಯಬೇಡಿ. ಕನ್ನಡಕ ಮನೆಯಲ್ಲಿ ಬಿಟ್ಟು ಬಂದು ನೆನಪಿನ ಪರೀಕ್ಷೆಯಲ್ಲಿ ಫೇಲ್ ಆದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.