ಅವಳು ಬೇಡ ಅಂದರೂ ನಾನೇ ದೂರು ಕೊಡಬಹುದಾ?

ಪ್ರಶ್ನೆ: ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ನನ್ನ ಲೈನ್‌ನಲ್ಲೇ ಕೂರುವ ಹುಡುಗಿಗೆ ಗಂಡ ಹೊಡೆಯುತ್ತಾನೆ. ಸಂಬಳ ಬಂದ ದಿನವೇ ಎಟಿಎಂ ಕಾರ್ಡ್ ಕಿತ್ತುಕೊಳ್ಳುತ್ತಾನೆ. ಸ್ಟೇಷನ್‌ಗೆ ಹೋಗೋಣ ಬಾ ಅಂದರೆ "ಬೇಡ ಅಕ್ಕ, ಸಂಸಾರ ಹಾಳಾಗುತ್ತೆ" ಅಂತಾಳೆ. ಅವಳ ಪರವಾಗಿ ನಾನೇ ದೂರು ಕೊಡಬಹುದಾ?

ಉತ್ತರ: ಕೊಡಬಹುದು. ಆದರೆ ಅವಳಿಗೆ ಹೇಳದೆ ಕೊಡಬೇಡಿ.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಅಂತ 2005ರದ್ದೊಂದು ಕಾನೂನಿದೆ. ಅದರ 4ನೇ ಸೆಕ್ಷನ್ ಪ್ರಕಾರ, ಒಂದು ಮನೆಯಲ್ಲಿ ಹಿಂಸೆ ನಡೆಯುತ್ತಿದೆ ಅಂತ ಅನಿಸಿದ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ, ಅಂದರೆ ಈ ಕಾನೂನಿನಡಿ ಹೆಂಗಸರಿಗೆ ನೆರವಾಗಲು ಸರ್ಕಾರ ನೇಮಿಸಿದ ಅಧಿಕಾರಿಗೆ, ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ಹೇಳಿದ್ದಕ್ಕೆ ನಿಮ್ಮ ಮೇಲೆ ಕೇಸು ಬೀಳುವುದಿಲ್ಲ. ಕರ್ನಾಟಕದಲ್ಲಿ ಈ ಕೆಲಸ ಸಿಡಿಪಿಒಗಳದ್ದು (ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು); ಅವರ ಆಫೀಸ್ ಎಲ್ಲಿ ಅಂತ ನಿಮ್ಮ ಏರಿಯಾದ ಅಂಗನವಾಡಿ ಟೀಚರ್‌ಗೆ ಗೊತ್ತಿರುತ್ತದೆ.

ಹಾಗಾದರೆ ಯಾಕೆ ಬೇಡ ಅಂತೀನಿ? ನೀವು ದೂರು ಕೊಟ್ಟು ಯಾರೋ ಬಂದು ಅವನಿಗೆ ನಾಲ್ಕು ಬುದ್ಧಿಮಾತು ಹೇಳಿ ಹೊರಟುಹೋದರು ಅಂದುಕೊಳ್ಳಿ, ಆ ರಾತ್ರಿ ಬಾಗಿಲು ಹಾಕಿಕೊಂಡ ಮೇಲೆ ಅವನ ಜೊತೆ ಒಳಗಿರುವವಳು ಅವಳು, ನೀವಲ್ಲ. ಅವನು ಯಾವುದಕ್ಕೆ ಎಷ್ಟು ಕೆರಳುತ್ತಾನೆ ಅನ್ನುವ ಲೆಕ್ಕ ಅವಳಿಗಿರುವಷ್ಟು ಯಾರಿಗೂ ಇರುವುದಿಲ್ಲ. ಈಗಲೇ ಹೊಡೆಯುತ್ತಿದ್ದಾನೆ, ಜೀವಕ್ಕೆ ಅಪಾಯ ಅನಿಸಿದರೆ ಮಾತ್ರ ಯಾರನ್ನೂ ಕೇಳಬೇಡಿ. 112ಕ್ಕೆ ಫೋನ್ ಮಾಡಿ.

"ಸಂಸಾರ ಹಾಳಾಗುತ್ತೆ" ಅಂದಳಲ್ಲ, ಆ ಭಯದಲ್ಲಿ ಅರ್ಧ ಭಾಗ ಸರಿಯಾದ ಮಾಹಿತಿ ಇಲ್ಲದೆ ಹುಟ್ಟಿದ್ದು. ಕೇಸು ಹಾಕುವುದು ಅಂದರೆ ಡೈವೋರ್ಸ್ ಅಥವಾ ಗಂಡನನ್ನು ಜೈಲಿಗೆ ಕಳಿಸುವುದು ಅಂತಲೇ ಜಾಸ್ತಿ ಜನ ಅಂದುಕೊಂಡಿದ್ದಾರೆ. ಈ ಕಾನೂನು ಹಾಗಿಲ್ಲ. ಮದುವೆ ಮುರಿಯದೆ, ಅದೇ ಮನೆಯಲ್ಲಿದ್ದುಕೊಂಡೇ, ಇವನು ನನ್ನನ್ನು ಹೊಡೆಯಬಾರದು, ಮನೆಯಿಂದ ಆಚೆ ಹಾಕಬಾರದು, ಫ್ಯಾಕ್ಟರಿ ಹತ್ತಿರ ಬಂದು ಗಲಾಟೆ ಮಾಡಬಾರದು, ಖರ್ಚಿಗೆ ದುಡ್ಡು ಕೊಡಬೇಕು ಅಂತ ಮ್ಯಾಜಿಸ್ಟ್ರೇಟ್ ಹತ್ತಿರ ಆದೇಶ ಕೇಳಬಹುದು. ಅವನು ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ ಆಗಬಹುದು. ಮನೆ ಅತ್ತೆಯ ಹೆಸರಲ್ಲಿದ್ದರೂ ಅವಳು ಸಂಸಾರ ಮಾಡಿದ ಮನೆ ಅದೇ ಆಗಿದ್ದರೆ ಅಲ್ಲಿರಲು ಹಕ್ಕು ಕೇಳಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕ್ರಿಮಿನಲ್ ಕೇಸೇ ಬೇಕು ಅಂದರೆ ಅದು ಬೇರೆ ದಾರಿ: ಗಂಡ ಅಥವಾ ಅವನ ಮನೆಯವರ ಕ್ರೌರ್ಯಕ್ಕೆ ಶಿಕ್ಷೆ ಕೊಡುವ ಹಿಂದಿನ ಐಪಿಸಿ 498ಎ, ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್.

ಎಟಿಎಂ ಕಾರ್ಡ್ ಕಿತ್ತುಕೊಳ್ಳುವುದು "ಮನೆ ವಿಷಯ" ಅಲ್ಲ. ಆರ್ಥಿಕ ಹಿಂಸೆ ಅಂತ ಕಾನೂನೇ ಅದನ್ನು ಎಣಿಸಿದೆ. ಗೃಹಲಕ್ಷ್ಮಿ ದುಡ್ಡು ಕಿತ್ತುಕೊಂಡರೂ ಅಷ್ಟೇ. ಅಂದಹಾಗೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಮದುವೆಯಾದ ಹೆಂಗಸರಲ್ಲಿ ಶೇ. 44ರಷ್ಟು ಜನ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ನಿಮ್ಮ ಲೈನ್‌ನಲ್ಲೇ ಇನ್ನೆಷ್ಟು ಜನ ಇದ್ದಾರೋ.

ಈಗ ನೀವು ಮಾಡಬೇಕಾದ್ದು. ಊಟದ ಬಿಡುವಿನಲ್ಲಿ ನಿಮ್ಮ ಫೋನಿಂದ ಇಬ್ಬರೂ ಸೇರಿ ಮಹಿಳಾ ಸಹಾಯವಾಣಿ 181ಕ್ಕೆ ಮಾತಾಡಿ. ಸುಮ್ನೆ ಸಲಹೆ ಕೇಳಲೂ ಮಾಡಬಹುದು, ಮಾಡಿದ ಕೂಡಲೇ ಕೇಸು ಆಗುವುದಿಲ್ಲ ಅಂತ ಅವಳಿಗೆ ಮೊದಲೇ ಹೇಳಿ. ಅವಳ ವಾಟ್ಸಾಪ್‌ಗೆ ಮಾತ್ರ ಈ ವಿಷಯ ಏನೂ ಕಳಿಸಬೇಡಿ. ಫೋನ್ ಅವನ ಕೈಯಲ್ಲೂ ಇರುತ್ತದೆ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ, ಮದುವೆ ಫೋಟೋ, ಇವುಗಳ ಜೆರಾಕ್ಸ್ ಒಂದು ಸೆಟ್ ನಿಮ್ಮ ಮನೆಯಲ್ಲಿರಲಿ. ಗಾಯವಾಗಿ ಆಸ್ಪತ್ರೆಗೆ ಹೋದರೆ "ಬಚ್ಚಲಲ್ಲಿ ಜಾರಿಬಿದ್ದೆ" ಅನ್ನದೆ ನಿಜ ಹೇಳಿ ಬರೆಸಲಿ, ಮುಂದೆ ಅದೇ ದೊಡ್ಡ ಸಾಕ್ಷಿ. ವಕೀಲರ ಫೀಸಿನ ಚಿಂತೆ ಬೇಡ. 1987ರ ಕಾನೂನಿನ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. 15100ಕ್ಕೆ ಫೋನ್ ಮಾಡಿ, ಇಲ್ಲವೇ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲಕ್ಕೆ (ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಆಫೀಸ್) ಹೋಗಿ. ಬಸ್ಸಂತೂ ಫ್ರೀ.

ಅವಳು ಒಂದು ಸಲ ಹೊರಟು ಮತ್ತೆ ವಾಪಸ್ ಹೋಗಬಹುದು. ಬಾಡಿಗೆ ಮನೆಯ ಅಡ್ವಾನ್ಸ್ ಅವನ ಹೆಸರಲ್ಲಿರುತ್ತದೆ, ಮಕ್ಕಳ ಸ್ಕೂಲು ಅಲ್ಲೇ ಇರುತ್ತದೆ, ತವರಿನವರು "ಅಡ್ಜಸ್ಟ್ ಮಾಡ್ಕೋ" ಅಂದಿರುತ್ತಾರೆ. ಆಗ "ನಿನಗೆ ಎಷ್ಟು ಹೇಳಿದರೂ ಅಷ್ಟೇ" ಅಂದುಬಿಟ್ಟರೆ ಮುಂದಿನ ಸಲ ಅವಳು ನಿಮ್ಮ ಹತ್ತಿರ ಬರುವುದಿಲ್ಲ.

ಇನ್ನೊಂದು. ಹೆಂಡತಿ ಮನೆ ಬಿಟ್ಟ ಹೊತ್ತಲ್ಲೇ ಇಂಥ ಗಂಡಂದಿರು ಜಾಸ್ತಿ ಅಪಾಯಕಾರಿ ಆಗುವುದು, ಮತ್ತು ಅವನು ಮೊದಲು ಫೋನ್ ಮಾಡುವುದು ನಿಮಗೇ ಇರಬಹುದು. ಅಳುತ್ತಾನೆ, ಕುಡಿಯೋದು ಬಿಟ್ಟೆ ಅಂತಾನೆ, ಮಗು ಅಮ್ಮನ್ನ ಕೇಳ್ತಿದೆ ಅಂತಾನೆ. ಎಲ್ಲಿದ್ದಾಳೆ ಅಂತ ಹೇಳಬೇಡಿ, ನಡುವೆ ನಿಂತು ರಾಜಿ ಮಾಡಿಸಲೂ ಹೋಗಬೇಡಿ. ಫ್ಯಾಕ್ಟರಿ ಗೇಟಿನ ಸೆಕ್ಯೂರಿಟಿಯವರಿಗೆ ಅವನ ಫೋಟೋ ಮೊದಲೇ ತೋರಿಸಿಡಿ. ಸಂಜೆ ಪಾಳಿ ಬಿಟ್ಟಾಗ ಬಸ್ ಸ್ಟಾಪ್‌ವರೆಗೆ ಅವಳ ಜೊತೆ ನಾಲ್ಕೈದು ಜನ ನಡೆಯಿರಿ.