ಊರಿನ ಬಜೆಟ್‌ನಲ್ಲಿ ಜನರ ಪಾಲು: ಪೋರ್ಟೊ ಅಲೆಗ್ರೆಯ ಸಭೆಯಿಂದ ಮೊಬೈಲ್ ಮತದವರೆಗೆ

ಬಡಾವಣೆಗೆ ಏನು ಬೇಕು ಎಂದು ನಗರಾಡಳಿತಗಳು ಜನರನ್ನು ಕೇಳಲು ಶುರುಮಾಡಿ ಅರ್ಧ ಶತಮಾನ ದಾಟಿದೆ. ಕೇಳಿದ ಮೇಲೆ ಆ ಉತ್ತರ ಎಲ್ಲಿಗೆ ಹೋಗುತ್ತದೆ ಎಂಬುದು ಮಾತ್ರ ಇನ್ನೂ ಸಿಕ್ಕು ಸಿಕ್ಕು. ಸಮೀಕ್ಷೆ, ಅಹವಾಲು ಸಭೆ, ಆನ್‌ಲೈನ್ ಮತದಾನ ಎಲ್ಲಕ್ಕೂ ಈಗ 'ಜನರ ಸಹಭಾಗಿತ್ವ' ಎಂಬ ಒಂದೇ ಹಣೆಪಟ್ಟಿ. ಈ ಗುಂಪಿನಲ್ಲಿ ಹಣದ ಮೇಲೆಯೇ ಜನರಿಗೆ ಹಿಡಿತ ಕೊಡುತ್ತೇನೆ ಎಂದು ಹೊರಟಿದ್ದು ಸಹಭಾಗಿ ಬಜೆಟ್, ಅಂದರೆ ಊರಿನ ಹಣದ ಒಂದು ಪಾಲನ್ನು ಯಾವ ಕೆಲಸಕ್ಕೆ ಹಾಕಬೇಕೆಂದು ಜನರೇ ತೀರ್ಮಾನಿಸುವ ಪದ್ಧತಿ. ಆ ಎಳೆಯನ್ನು ಹಿಡಿದು ಹೋದರೆ ಉಳಿದದ್ದು ತಕ್ಕಮಟ್ಟಿಗೆ ಬಿಡಿಸಿಕೊಳ್ಳುತ್ತದೆ.

1964ರಲ್ಲಿ ಅಮೆರಿಕ ಬಡತನದ ವಿರುದ್ಧ ಕಾಯ್ದೆ ತಂದಾಗ, ಫಲಾನುಭವಿಗಳು 'ಸಾಧ್ಯವಾದಷ್ಟು ಗರಿಷ್ಠ' ಪ್ರಮಾಣದಲ್ಲಿ ಭಾಗವಹಿಸಬೇಕು ಎಂದು ಅದರಲ್ಲಿ ಬರೆಯಿತು. ಸಾಧ್ಯವಾದಷ್ಟು ಎಂದರೆ ಎಷ್ಟು ಎಂಬ ಜಗಳದಲ್ಲೇ ಆ ದಶಕ ಕಳೆಯಿತು. 1969ರಲ್ಲಿ ಅಮೆರಿಕದ ನಗರ ನೀತಿ ಬರಹಗಾರ್ತಿ ಶೆರ್ರಿ ಆರ್ನ್‌ಸ್ಟೀನ್ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲ ಏಣಿಯಾಗಿ ಚಿತ್ರಿಸಿದರು. ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು, ಸಮಾಧಾನಪಡಿಸುವುದು ನಡುವಿನ ಮೆಟ್ಟಿಲುಗಳು. ಈ ಮೂರನ್ನೂ ಅವರು ಬರೀ ತೋರಿಕೆ ಎಂದರು. ನಮ್ಮ ಮಾತಿನಲ್ಲಿ ಮೂಗಿಗೆ ತುಪ್ಪ. ಅದೇ ವರ್ಷ ಬ್ರಿಟನ್ನಿನ ಸ್ಕೆಫಿಂಗ್ಟನ್ ಸಮಿತಿ, ನಗರ ಯೋಜನೆಗಳನ್ನು ರೂಪಿಸುವಾಗಲೇ ಜನರ ಮುಂದಿಡಬೇಕು ಎಂದು ವರದಿ ಕೊಟ್ಟಿತು. ಮುಂದಿನ ಇಪ್ಪತ್ತು ವರ್ಷ ಬಹುತೇಕ ನಗರಗಳು ಆ ನಡುವಿನ ಮೆಟ್ಟಿಲಲ್ಲೇ ಕುಳಿತವು.

ಕಥೆ ತಿರುಗಿದ್ದು ದಕ್ಷಿಣ ಬ್ರೆಜಿಲಿನ ಪೋರ್ಟೊ ಅಲೆಗ್ರೆಯಲ್ಲಿ. 1988ರ ಸಂವಿಧಾನ ಅಲ್ಲಿನ ನಗರಾಡಳಿತಗಳಿಗೆ ಹೆಚ್ಚು ಅಧಿಕಾರ, ಹೆಚ್ಚು ಆದಾಯ ಕೊಟ್ಟಿತ್ತು. ವರ್ಕರ್ಸ್ ಪಾರ್ಟಿಯ ಒಲಿವಿಯೊ ದುತ್ರಾ 1989ರ ಜನವರಿಯಲ್ಲಿ ಮೇಯರ್ ಆದರು. ಬಡಾವಣೆ ಸಂಘಗಳು ಬಜೆಟ್ಟಿನಲ್ಲಿ ಪಾಲು ಕೇಳುತ್ತಿದ್ದವು, ಆಡಳಿತ ಒಪ್ಪಿತು. ಆದರೆ ಪೆಟ್ಟಿಗೆ ತೆರೆದರೆ ಆದಾಯದ ಬಹುಪಾಲು ಸಿಬ್ಬಂದಿ ಸಂಬಳಕ್ಕೇ ಹೋಗುತ್ತಿತ್ತು. ಮೊದಲ ವರ್ಷ ಜನ ಬಂದು ಉದ್ದನೆಯ ಪಟ್ಟಿ ಬರೆಸಿದರು, ಕಾಮಗಾರಿ ಆಗಲಿಲ್ಲ, ಮರುವರ್ಷ ಸಭೆಗಳು ಸೊರಗಿದವು. ಆಸ್ತಿ ತೆರಿಗೆಯನ್ನು ಉಳ್ಳವರ ಮೇಲೆ ಹೆಚ್ಚು ಬೀಳುವಂತೆ ಪರಿಷ್ಕರಿಸಿ ಕೈಗೆ ನಾಲ್ಕು ಕಾಸು ಬಂದ ಮೇಲಷ್ಟೇ ಈ ಪದ್ಧತಿಗೆ ಜೀವ ಬಂತು. ಇದನ್ನು ನಕಲು ಮಾಡಿದ ಹಲವರು ಮರೆತದ್ದು ಈ ಕ್ರಮವನ್ನೇ: ಅಲ್ಲಿ ಮೊದಲು ಹಣ ಬಂತು, ಆಮೇಲೆ ಸಭೆ ತುಂಬಿತು.

ವ್ಯವಸ್ಥೆ ಹೀಗಿತ್ತು. ನಗರವನ್ನು 16 ವಲಯಗಳಾಗಿ ವಿಂಗಡಿಸಿದ್ದರು. ವಲಯ ಸಭೆ ಶುರುವಾಗುತ್ತಿದ್ದುದು ಹೊಸ ಬೇಡಿಕೆಯಿಂದಲ್ಲ, ಹಿಂದಿನ ವರ್ಷದ ಲೆಕ್ಕದಿಂದ: ಒಪ್ಪಿದ್ದ ಕಾಮಗಾರಿಗಳಲ್ಲಿ ಯಾವುದು ಮುಗಿಯಿತು, ಯಾವುದು ನಿಂತಿತು, ಏಕೆ. ಬಂದವರ ತಲೆ ಎಣಿಸಿ ಅದಕ್ಕೆ ತಕ್ಕಂತೆ ಪ್ರತಿನಿಧಿಗಳ ಆಯ್ಕೆ; ಒಂದು ಹಂತದಲ್ಲಿ ಹತ್ತು ಜನಕ್ಕೆ ಒಬ್ಬರು. ಹಾಗಾಗಿ ಚರಂಡಿ ಬೇಕಾದವರು ಇಡೀ ಬೀದಿಯನ್ನೇ ಹೊರಡಿಸಿಕೊಂಡು ಬರುತ್ತಿದ್ದರು. ಪ್ರತಿ ವಲಯದಿಂದ ಇಬ್ಬರು ಬಜೆಟ್ ಮಂಡಳಿಗೆ ಹೋಗುತ್ತಿದ್ದರು. ಅವಧಿ ಒಂದು ವರ್ಷ, ಮರು ಆಯ್ಕೆ ಒಮ್ಮೆ ಮಾತ್ರ, ಆರಿಸಿದವರು ನಡುವೆಯೇ ವಾಪಸ್ ಕರೆಸಿಕೊಳ್ಳಬಹುದಿತ್ತು. ಬೀದಿ ಮಟ್ಟದ ಬೇಡಿಕೆಗಳ ನಡುವೆ ಸಾರಿಗೆ, ಆರೋಗ್ಯದಂಥ ಇಡೀ ಊರಿನ ವಿಷಯಗಳು ಕಳೆದುಹೋಗುತ್ತಿದ್ದುದರಿಂದ 1994ರಲ್ಲಿ ವಿಷಯವಾರು ಸಭೆಗಳೂ ಸೇರಿದವು.

ಜಾಣತನ ಇದ್ದುದು ಹಂಚಿಕೆಯ ಲೆಕ್ಕದಲ್ಲಿ. ಪ್ರತಿ ವಲಯಕ್ಕೂ ಮೂರು ಅಳತೆಯಲ್ಲಿ ಒಂದರಿಂದ ನಾಲ್ಕು ಅಂಕ: ಆ ಕೆಲಸಕ್ಕೆ ವಲಯ ಕೊಟ್ಟ ಆದ್ಯತೆ, ಅಲ್ಲಿ ಆ ಸೌಲಭ್ಯದ ಕೊರತೆ ಎಷ್ಟು, ಜನಸಂಖ್ಯೆ ಎಷ್ಟು. ಅಂಕಗಳನ್ನು ಆಯಾ ಅಳತೆಯ ತೂಕದಿಂದ, ಅಂದರೆ ಅದಕ್ಕೆಷ್ಟು ಮಹತ್ವ ಎಂದು ತೋರಿಸುವ ಸಂಖ್ಯೆಯಿಂದ, ಗುಣಿಸುತ್ತಿದ್ದರು. ತೂಕಗಳು ಬದಲಾಗುತ್ತ ಬಂದವು. ಒಮ್ಮೆ ಆದ್ಯತೆಗೆ 5, ಕೊರತೆಗೆ 4, ಜನಸಂಖ್ಯೆಗೆ 2 ಇತ್ತು. ಎರಡೇ ವಲಯ, ಹಂಚಬೇಕಾದದ್ದು 60 ಕಿಲೋಮೀಟರ್ ರಸ್ತೆ ಎಂದುಕೊಳ್ಳಿ. ಮೊದಲನೆಯದು ರಸ್ತೆಯನ್ನೇ ಮೊದಲ ಆದ್ಯತೆಯಾಗಿ ಬರೆಸಿದೆ (4×5=20), ಬಹುತೇಕ ಬೀದಿಗಳು ಮಣ್ಣಿನವು (4×4=16), ಜನ ಕಡಿಮೆ (1×2=2): ಒಟ್ಟು 38. ಎರಡನೆಯದಕ್ಕೆ ರಸ್ತೆ ಮೂರನೇ ಆದ್ಯತೆ (2×5=10), ಕೊರತೆ ಅಲ್ಪ (1×4=4), ಜನ ಹೆಚ್ಚು (4×2=8): ಒಟ್ಟು 22. ರಸ್ತೆಯೂ 38 ಮತ್ತು 22 ಕಿಲೋಮೀಟರ್ ಎಂದೇ ಹಂಚಿಕೆ. ಜನ ಎಷ್ಟೇ ಇರಲಿ, ಈಗಾಗಲೇ ಡಾಂಬರು ಕಂಡ ಕಡೆಗೆ ಹಣ ಹರಿಯುವುದು ಕಷ್ಟ.

ಅಡ್ಡಿಗಳೂ ಇದ್ದವು. ಜಾಗದ ಹಕ್ಕು ತಕರಾರಿನಲ್ಲಿದ್ದರೆ, ಗುಡ್ಡದ ಇಳಿಜಾರು ಕುಸಿಯುವಂತಿದ್ದರೆ ಎಂಜಿನಿಯರುಗಳು 'ತಾಂತ್ರಿಕವಾಗಿ ಅಸಾಧ್ಯ' ಎಂದು ಕೈಬಿಡುತ್ತಿದ್ದರು. ಕಡುಬಡವರ ಮನೆಗಳಿದ್ದುದು ಬಹುಪಾಲು ಅಂಥ ಜಾಗದಲ್ಲೇ. ಮೊದಮೊದಲು ಈ ಮಾನದಂಡ ಕಚೇರಿಯ ಕಡತದಲ್ಲಷ್ಟೇ ಇತ್ತು. ಆಮೇಲೆ ಅದನ್ನೂ ಮುದ್ರಿಸಿ, ಬೇಡಿಕೆ ಬರೆಯುವ ಮೊದಲೇ ಕೈಗಿಡುವ ರೂಢಿ ಬಂತು. ಹಂಚಿಕೆಯ ನಿಯಮಾವಳಿಯನ್ನು ಬಜೆಟ್ ಮಂಡಳಿಯೇ ವರ್ಷವರ್ಷ ತಿದ್ದುತ್ತಿತ್ತು. ತೂಕ 5 ಇರಬೇಕೋ 4 ಸಾಕೋ ಎಂದು ಜನರ ಪ್ರತಿನಿಧಿಗಳೇ ಕುಳಿತು ವಾದಿಸುವುದು ಅಪರೂಪದ ಸಂಗತಿ. 1996ರಲ್ಲಿ ಇಸ್ತಾಂಬುಲ್‌ನ ವಿಶ್ವಸಂಸ್ಥೆ ಆವಾಸ ಸಮ್ಮೇಳನದ ಮನ್ನಣೆಯಿಂದ ಈ ಮಾದರಿ ಜಗತ್ತಿಗೆ ಪರಿಚಯವಾಯಿತು. 2004ರ ನಗರ ಚುನಾವಣೆಯಲ್ಲಿ ವರ್ಕರ್ಸ್ ಪಾರ್ಟಿ ಸೋತಿತು. ಪದ್ಧತಿ ಹೆಸರಿಗೆ ಉಳಿದು, ಬಾಕಿ ಕಾಮಗಾರಿಗಳು ಬೆಳೆದು, 2017ರಲ್ಲಿ ಸಭೆಗಳೇ ನಿಂತವು.

ಅಷ್ಟರಲ್ಲಿ ಹೆಸರು ಊರೂರು ಸುತ್ತಿತ್ತು. ಕೇರಳ 1996ರಲ್ಲಿ ತನ್ನದೇ ದಾರಿಯಲ್ಲಿ ಯೋಜನಾ ಹಣದ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟಿತು. ಪೆರು 2003ರಲ್ಲಿ, ದಕ್ಷಿಣ ಕೊರಿಯಾ 2011ರಲ್ಲಿ ಸಹಭಾಗಿ ಬಜೆಟ್ಟನ್ನು ಕಡ್ಡಾಯ ಮಾಡಿದವು. ಪೋಲೆಂಡ್ 2018ರ ಕಾನೂನಿನಲ್ಲಿ ದೊಡ್ಡ ನಗರಗಳು ಖರ್ಚಿನ ಕನಿಷ್ಠ ಶೇ 0.5ನ್ನು ಇದಕ್ಕಾಗಿ ತೆಗೆದಿಡಬೇಕು ಎಂದಿತು. ಪ್ಯಾರಿಸ್ 2014ರಲ್ಲಿ ಬಂಡವಾಳ ವೆಚ್ಚದ ಶೇ 5ನ್ನು ಮೀಸಲಿಟ್ಟು, ವಯಸ್ಸು, ಪೌರತ್ವ ಕೇಳದೆ ನಿವಾಸಿಗಳೆಲ್ಲರಿಗೂ ಮತ ಕೊಟ್ಟಿತು. ಆದರೆ ದಾರಿಯಲ್ಲಿ ಮಾದರಿ ತೂಕ ಇಳಿಸಿಕೊಂಡಿತ್ತು. ಕೊರತೆಯ ಅಂಕ, ವಾಪಸ್ ಕರೆಸುವ ಹಕ್ಕು, ಲೆಕ್ಕ ಒಪ್ಪಿಸುವ ಸಭೆ ಬಹಳ ಕಡೆ ಉದುರಿಹೋಗಿ, ಸಲಹೆ ಪೆಟ್ಟಿಗೆ ಮತ್ತು ಮತಪತ್ರ ಉಳಿದವು.

ಈಗಿನ ಸಾಮಾನ್ಯ ಕ್ರಮ ಇದು: ಸಲಹೆ ಸಂಗ್ರಹ, ಇಲಾಖೆಗಳಿಂದ ಸಾಧ್ಯತೆಯ ಪರಿಶೀಲನೆ, ಅಂದಾಜು ವೆಚ್ಚ, ಮತದಾನ, ಟೆಂಡರ್, ಕಾಮಗಾರಿ. ಇಲ್ಲಿ ಜರಡಿ ಮತದಾನವಲ್ಲ, ಅದಕ್ಕೂ ಮುಂಚಿನ ಪರಿಶೀಲನೆ. ಸಲಹೆಗಳ ಬಹುದೊಡ್ಡ ಪಾಲು ಬೀಳುವುದು ಅಲ್ಲೇ, ಅದೂ ಒಂದು ಸಾಲಿನ ಉತ್ತರದೊಂದಿಗೆ. ಜಾಗ ಬೇರೆ ಇಲಾಖೆಯದು, ಕೆಳಗೆ ನೀರಿನ ಕೊಳವೆ ಇದೆ, ಸಂಬಳ ಕೊಡಬೇಕಾದ ಕೆಲಸಕ್ಕೆ ಇದರಲ್ಲಿ ಅವಕಾಶವಿಲ್ಲ. ಕಾರಣಗಳು ನಿಜವೇ ಇರಬಹುದು. ಆದರೆ ಪ್ರಸ್ತಾವ ಕೊಟ್ಟವರನ್ನು ಜಾಗಕ್ಕೆ ಕರೆದು, ಹತ್ತು ಅಡಿ ಆಚೆ ಆದೀತೇ ಎಂದು ನೋಡಿದರೆ ಉಳಿಯುವ ಕೆಲಸಗಳೂ ಅವುಗಳಲ್ಲಿ ಇರುತ್ತವೆ. ಇನ್ನೊಂದು ಎಡವಟ್ಟು ವೆಚ್ಚದ್ದು. ಅಂದಾಜಿಗೂ ಟೆಂಡರಿಗೂ ನಡುವೆ ವರ್ಷ ಕಳೆದರೆ ದರ ಏರಿ, ಗೆದ್ದ ಕೆಲಸಕ್ಕೇ ಹಣ ಸಾಲುವುದಿಲ್ಲ. ಆಟದ ಅಂಗಳಕ್ಕೆ ಮತ ಹಾಕುವವರಿಗೆ ಅದರ ನಿರ್ವಹಣೆ ಯಾವ ಲೆಕ್ಕಶೀರ್ಷಿಕೆಯಿಂದ ಬರುತ್ತದೆ ಎಂದು ಮತಪತ್ರ ಹೇಳುವುದಿಲ್ಲ.

ಎಣಿಕೆಯಲ್ಲೂ ಒಂದು ಗಂಟಿದೆ. ಒಟ್ಟು ಹಣ 100 ಪಾಲು, ಮತದಾರರು 1,000 ಎನ್ನೋಣ. 600 ಜನರ ವಾರ್ಡಿನಿಂದ ತಲಾ 30 ಪಾಲಿನ ಮೂರು ಕೆಲಸ, 400 ಜನರ ವಾರ್ಡಿನಿಂದ ತಲಾ 20 ಪಾಲಿನ ಎರಡು. ಒಬ್ಬೊಬ್ಬರೂ ತಮ್ಮ ವಾರ್ಡಿನ ಎಲ್ಲ ಕೆಲಸಕ್ಕೂ ಮತ ಹಾಕಿ, ಹೆಚ್ಚು ಮತ ಬಂದದ್ದನ್ನು ಮೇಲಿನಿಂದ ಆರಿಸುತ್ತ ಹೋದರೆ ದೊಡ್ಡ ವಾರ್ಡು 90 ಪಾಲನ್ನೂ ಒಯ್ಯುತ್ತದೆ, ಚಿಕ್ಕದಕ್ಕೆ ಸೊನ್ನೆ. ಅದರ ಬದಲು ಪ್ರತಿ ಮತದಾರರ ಹೆಸರಲ್ಲಿ 0.1 ಪಾಲು ಇಟ್ಟು, ಮೆಚ್ಚಿದ ಕೆಲಸಕ್ಕೆ ಅದರಿಂದಲೇ ವೆಚ್ಚ ಕಳೆಯುತ್ತ ಹೋದರೆ ದೊಡ್ಡದಕ್ಕೆ ಎರಡು ಕೆಲಸ (60), ಚಿಕ್ಕದಕ್ಕೂ ಎರಡು (40). ಈ 'ಸಮಪಾಲು' ಎಣಿಕೆಯನ್ನು ಪೋಲೆಂಡಿನ ವಿಯೆಲಿಚ್ಕಾ ನಗರ 2023ರಲ್ಲಿ ಬಳಸಿತು. ಹೆಚ್ಚಿನ ನಗರಗಳು ಇನ್ನೂ ಮೊದಲ ಬಗೆಯಲ್ಲೇ ಎಣಿಸುತ್ತಿವೆ. ಯಾವ ಬಗೆ ಎಂಬುದು ನಿಯಮಾವಳಿಯ ಒಂದು ಕಲಮು. ಸಲಹೆ ಸಂಗ್ರಹ ತೆರೆಯುವ ಹೊತ್ತಿಗೆ ಅದು ಕಚೇರಿಯಲ್ಲಿ ಸಿದ್ಧವಾಗಿ, ಅಚ್ಚಾಗಿ, ಸಭೆಯ ಬಾಗಿಲಲ್ಲಿ ಹಂಚಲು ಕಾದಿರುತ್ತದೆ.